ಗಂಟೆ ಇದ್ದ ಜಾಗ

ಹಾಯಿದೋಣಿ ಮತ್ತೆ ರಿಪೇರಿ ಯಾರ್ಡಿಗೆ ಬಂದಾಗ ಅದರ ಬಣ್ಣ ಬದಲಾಗಿತ್ತು, ಪಕ್ಕದಲ್ಲಿ ಬರೆದ ಹೆಸರೂ ಬದಲಾಗಿತ್ತು. ಆದರೂ ಏಣಿ ಹತ್ತಿ ಡೆಕ್ಕಿನ ಮೇಲೆ ಕಾಲಿಟ್ಟ ಕೂಡಲೇ, ಎಲ್ಲರೂ ಮೂಗಿ ಅಂತ ಕರೆಯುವ ಹುಡುಗಿಗೆ ಅದು ಯಾವ ದೋಣಿ ಅಂತ ಗೊತ್ತಾಗಿಹೋಯಿತು. ಮುಂದಿನ ಹ್ಯಾಚಿನ ಸುತ್ತ ಹದಿನಾರು ಸ್ಕ್ರೂಗಳಿದ್ದವು. ಹದಿನಾರರ ತಲೆಯ ಗೀರೂ ದೋಣಿಯ ಉದ್ದಕ್ಕೆ, ಒಂದೇ ದಿಕ್ಕಿಗೆ ತಿರುಗಿತ್ತು. ಹಾಗೆ ಬಿಗಿಯುತ್ತಿದ್ದವರು ಒಬ್ಬರೇ. ಅವಳ ಅಪ್ಪ.

ಅವಳು ಬಗ್ಗಿ ಒಂದು ಸ್ಕ್ರೂವಿನ ಮೇಲೆ ಬೆರಳಿಟ್ಟಳು. ಹೊಟ್ಟೆಯೊಳಗೆ ಆರು ವರ್ಷದಿಂದ ಬೂದಿ ಮುಚ್ಚಿ ಇಟ್ಟಿದ್ದ ಕೆಂಡಕ್ಕೆ ಯಾರೋ ಊದಿದ ಹಾಗಾಯಿತು.

ಹ್ಯಾಚ್ ಅಂದರೆ ಡೆಕ್ಕಿನಲ್ಲಿ ಕೂರಿಸಿದ ಮುಚ್ಚಳ. ಅಲ್ಯೂಮಿನಿಯಂ ಚೌಕಟ್ಟು, ಗಾಜಿನ ಬದಲು ದಪ್ಪ ಅಕ್ರಿಲಿಕ್ ಹಾಳೆ, ಸುತ್ತ ರಬ್ಬರ್ ಪಟ್ಟಿ. ಸರಿಯಾಗಿ ಅದರ ಕೆಳಗೆ ಮಲಗುವ ಹಾಸಿಗೆ. ಗಾಳಿ ಬೆಳಕನ್ನು ಒಳಗೆ ಬಿಡಬೇಕು, ಸಮುದ್ರವನ್ನು ಮಾತ್ರ ಹೊಸಿಲಲ್ಲೇ ತಡೆಯಬೇಕು. ಈ ಯಾರ್ಡಿನಲ್ಲಿ ಆ ಕೆಲಸಕ್ಕೆ ಒಂದು ಕಾಲಕ್ಕೆ ಅವಳ ಅಪ್ಪನನ್ನು ಬಿಟ್ಟರೆ ಬೇರೆ ಹೆಸರೇ ಇರಲಿಲ್ಲ. ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಆಮೇಲೆ ಆ ಹೆಸರಿಗೆ ಇನ್ನೊಂದು ಮಾತು ಸೇರಿಕೊಂಡಿತು. ಸೋರೋ ಮೇಸ್ತ್ರಿ.

ಆ ಮಾತು ಸೇರಿಸಿದವನು ಈ ದೋಣಿಯ ಮಾಲೀಕ. ಅವನನ್ನು ಯಾರ್ಡಿನಲ್ಲಿ ಕ್ಯಾಪ್ಟನ್ ಅನ್ನುತ್ತಾರೆ. ಸಮುದ್ರದಲ್ಲಿ ಕಳೆದದ್ದಕ್ಕಿಂತ ಹೆಚ್ಚು ದಿನವನ್ನು ಯಾರ್ಡಿನ ಕುರ್ಚಿಯಲ್ಲಿ ಕಳೆದ ಕ್ಯಾಪ್ಟನ್. ಬಿಳಿ ಪ್ಯಾಂಟು, ಬಿಳಿ ಶೂ, ಯಾರ ಮುಖವನ್ನೂ ನೋಡದೆ ಮಾತಾಡುವ ಅಭ್ಯಾಸ. ಆರು ವರ್ಷದ ಹಿಂದೆ ಅಪ್ಪ ಅವನ ದೋಣಿಗೆ ಈ ಹ್ಯಾಚ್ ಕೂರಿಸಿದ್ದರು. ಯಾರ್ಡಿನ ಪದ್ಧತಿಯಂತೆ ನೀರಿನ ಪರೀಕ್ಷೆಯೂ ಆಗಿತ್ತು: ದೋಣಿಯವರು ಹ್ಯಾಚ್ ಮುಚ್ಚಿಕೊಂಡು ಕೆಳಗೆ ಹಾಸಿಗೆಯ ಮೇಲೆ ಕೂರುವುದು, ಕೆಲಸ ಮಾಡಿದವರು ಮೇಲಿಂದ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಡುವುದು, ಆಮೇಲೆ ದೋಣಿಯವರು ಹೊರಗೆ ಬಂದು ಎಲ್ಲರ ಎದುರು ‘ಒಣ’ ಅಂತ ಒಂದು ಮಾತು ಹೇಳುವುದು. ಕ್ಯಾಪ್ಟನ್ನೂ ಹೇಳಿದ್ದ. ಅಪ್ಪನ ಬೆನ್ನು ತಟ್ಟಿಯೂ ಇದ್ದ.

ತಿಂಗಳು ತುಂಬುವ ಹೊತ್ತಿಗೆ ಹಾಸಿಗೆ ಒದ್ದೆ. ಯಾರ್ಡಿನ ನಡುವೆ ನಿಂತು ಅವನು ಕಿರುಚಿದ್ದನ್ನು ಗೇಟಿನ ಹೊರಗಿದ್ದವರೂ ಕೇಳಿಸಿಕೊಂಡರು. “ಇವನ ಕೈಗೆ ಸಾರಿನ ಪಾತ್ರೆ ಮುಚ್ಚೋದನ್ನೂ ಕೊಡಬೇಡಿ,” ಅಂದ. ಜನ ನಕ್ಕರು. ನಗು ನಿಲ್ಲುವ ಹೊತ್ತಿಗೆ ಅಪ್ಪನ ಕೆಲಸ ನಿಂತಿತ್ತು. ಆ ವರ್ಷವೇ ಅವಳ ಸ್ಕೂಲೂ ನಿಂತಿತು.

ಅದನ್ನಾದರೂ ಅವಳು ನುಂಗಿಕೊಂಡಾಳು. ನುಂಗಲಾಗದ ತುತ್ತು ಬೇರೆ ಇತ್ತು. ಅಪ್ಪ ಕ್ಯಾಪ್ಟನ್ ಹೇಳಿದ್ದನ್ನು ನಂಬಿಬಿಟ್ಟಿದ್ದರು.

ಹ್ಯಾಚಿನ ಚೌಕಟ್ಟನ್ನು ಕೂರಿಸುವಾಗ ಅಡಿಯಲ್ಲಿ ಸೀಲರ್ ಪೇಸ್ಟ್ ಹಚ್ಚಿ ಸ್ಕ್ರೂಗಳನ್ನು ಅರ್ಧ ಮಾತ್ರ ಬಿಗಿಯಬೇಕು. ಒಂದು ದಿನ ಬಿಡಬೇಕು. ಪೇಸ್ಟ್ ರಬ್ಬರಾದ ಮೇಲೆ ಕೊನೆಯ ಕಾಲು ಸುತ್ತು. ಅವಸರಪಟ್ಟು ಒಂದೇ ಸಲಕ್ಕೆ ಬಿಗಿದರೆ ಪೇಸ್ಟೆಲ್ಲ ಹೊರಗೆ ಜಾರಿ, ಒಳಗೆ ಕಾಗದದಷ್ಟು ತೆಳ್ಳಗೆ ಉಳಿಯುತ್ತದೆ. ಮೊದಲ ಪರೀಕ್ಷೆಯಲ್ಲಿ ಒಣ, ತಿಂಗಳೊಳಗೆ ಸೋರಿಕೆ. “ಅವತ್ತು ನಿಂಗೆ ಜ್ವರ ಅಂತ ಸ್ಕೂಲಿಂದ ಹೇಳಿಕಳಿಸಿದ್ರಲ್ಲಮ್ಮ,” ಅನ್ನುತ್ತಿದ್ದರು ಅಪ್ಪ, ಯಾವಾಗಲೋ ಒಮ್ಮೆ, ಅವಳ ಮೇಲೆ ದೂರೇ ಇಲ್ಲದ ದನಿಯಲ್ಲಿ. “ಗಡಿಬಿಡೀಲಿ ಒಂದೇ ಸಲಕ್ಕೆ ಬಿಗಿದುಬಿಟ್ಟೆನೇನೋ. ಎಷ್ಟು ನೆನಪು ಮಾಡ್ಕೊಂಡ್ರೂ ನೆನಪಾಗಲ್ಲ.” ಅವಳ ಹದಿಮೂರನೇ ವರ್ಷದ ಒಂದು ಜ್ವರ ಮನೆಯ ನಡುವೆ ಹೀಗೆ ಕುಳಿತುಬಿಟ್ಟಿತ್ತು, ಎದ್ದು ಹೋಗುವ ಲಕ್ಷಣವಿರಲಿಲ್ಲ. ಅಪ್ಪ ಈಗ ಮುರಿದ ಸ್ಟೂಲು, ಕುರ್ಚಿಗಳನ್ನು ರಿಪೇರಿ ಮಾಡುತ್ತಿದ್ದರು. ಮಾಡಿದ್ದನ್ನು ಕೊಡುವ ಮೊದಲು ಹತ್ತು ಸಲ ಅಲುಗಾಡಿಸಿ ನೋಡುತ್ತಿದ್ದರು. “ನಿಮ್ಮಪ್ಪ ನಲ್ಲಿ ನಿಲ್ಲಿಸಿದ ಮೇಲೂ ಅದರ ಕೆಳಗೆ ಬೆರಳು ಹಿಡೀತಾರೆ ಕಣೇ,” ಅನ್ನುತ್ತಿದ್ದಳು ಅಮ್ಮ. “ಒಂದು ದಿನ ನನ್ನ ಕಣ್ಣಿನ ಕೆಳಗೂ ಹಿಡಿದು ನೋಡ್ಲಿ, ಆಗ ಗೊತ್ತಾಗುತ್ತೆ ಯಾವುದು ಸೋರ್ತಿದೆ ಅಂತ.”

ಮೂಗಿ ಎರಡು ವರ್ಷದಿಂದ ಯಾರ್ಡಿನಲ್ಲಿದ್ದಳು. ಉಪ್ಪುಕಾಗದ ಹಿಡಿದು ಮರ ಉಜ್ಜುವುದರಿಂದ ಶುರುಮಾಡಿ ಈಗ ಹ್ಯಾಚಿನ ಕೆಲಸಕ್ಕೆ ಬಂದಿದ್ದಳು. ಮಾತು ಕಮ್ಮಿ ಅಂತ ಮೂಗಿ ಎಂದು ಹೆಸರಿಟ್ಟದ್ದು ಪೇಂಟರ್ ಮಾಮ. ಅಪ್ಪನ ಹಳೆಯ ಗೆಳೆಯ. ವಾರಕ್ಕೊಮ್ಮೆ ತಪ್ಪದೆ ಮನೆಗೆ ಬಂದು ಅಪ್ಪನ ಪಕ್ಕ ಕೂರುತ್ತಿದ್ದ ಮನುಷ್ಯ ಅವನೊಬ್ಬನೇ.

ಕ್ಯಾಪ್ಟನ್ ದೋಣಿ ಮಾರುವವನಿದ್ದ. ಕೊಳ್ಳಲು ಬಂದವರು ಒಬ್ಬರು ಹಲ್ಲಿನ ಡಾಕ್ಟರಮ್ಮ. ಹಾಸಿಗೆಯ ಮೇಲಿನ ನೀರಿನ ಕಲೆ ನೋಡಿ, ಹ್ಯಾಚ್ ಹೊಸದಾಗಿ ಕೂರಿಸಿ ಪರೀಕ್ಷೆ ಮಾಡಿ ತೋರಿಸಿದರೆ ಮಾತ್ರ ಮುಂದಿನ ಮಾತು ಅಂದಿದ್ದರು. ಯಾರ್ಡಿನ ಯಜಮಾನಿಯನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಅಕ್ಕ ಮೂಗಿಯನ್ನು ತೋರಿಸಿ, “ಇವಳು ಮಾಡ್ತಾಳೆ,” ಅಂದರು.

ಕ್ಯಾಪ್ಟನ್ ಅವಳ ತಲೆಯ ಮೇಲಿಂದ ಎಲ್ಲೋ ನೋಡುತ್ತ ಹೇಳಿದ, “ಜಾಸ್ತಿ ಕೆದಕೋಕೆ ಹೋಗಬೇಡ. ಮೇಲೆ ನೀಟಾಗಿ ಕಂಡ್ರೆ ಸಾಕು. ಮೂರು ದಿನ.”

ಅವಳು ತಲೆಯಾಡಿಸಿದಳು.

ಮೊದಲ ದಿನ ಶೆಡ್ಡಿನಲ್ಲಿ ಹೊಸ ಅಕ್ರಿಲಿಕ್ ಹಾಳೆ ಕತ್ತರಿಸುವಾಗಲೇ ಅವಳಿಗೆ ದಾರಿ ಹೊಳೆದಿತ್ತು. ಬಹಳ ಸುಲಭದ ದಾರಿ. ಅಕ್ರಿಲಿಕ್ಕನ್ನು ಸೋಪುನೀರಿನಲ್ಲಿ ಮಾತ್ರ ಒರೆಸಬೇಕು. ಬಣ್ಣ ತೆಳು ಮಾಡುವ ಥಿನ್ನರ್ ಹಾಕಿ ಒರೆಸಿದರೆ ಅವತ್ತಿಗೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಕೆಲವು ವಾರ ಬಿಸಿಲು ಬಿದ್ದ ಮೇಲೆ ಕೂದಲೆಳೆಯಂಥ ಬಿರುಕು, ಆಮೇಲೆ ಬಲೆ ಕಟ್ಟಿದ ಹಾಗೆ ಬಿರುಕು, ಆಮೇಲೆ ಯಾರಾದರೂ ಕಾಲಿಟ್ಟ ದಿನ ಹಾಳೆ ಎರಡು ಹೋಳು. ಯಾರು ಮಾಡಿದ್ದು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಅವಳು ಬಟ್ಟೆಗೆ ಥಿನ್ನರ್ ಸುರಿದೂ ಆಗಿತ್ತು. ಘಾಟು ವಾಸನೆ ಹೊಡೆಯುತ್ತಿತ್ತು. ಮೊದಲು ಹಳೆಯ ಚೌಕಟ್ಟು ಕಳಚೋಣ, ಇದಕ್ಕೆ ಇನ್ನೂ ಸಮಯವಿದೆ ಅಂದುಕೊಂಡು ಬಟ್ಟೆಯನ್ನು ಡಬ್ಬಿಯೊಳಗೆ ಮುಚ್ಚಿಟ್ಟು ಡೆಕ್ಕಿಗೆ ಹೋದಳು.

ಹದಿನಾರು ಸ್ಕ್ರೂ ಬಿಚ್ಚಿದ ಮೇಲೂ ಚೌಕಟ್ಟು ಅಲುಗಾಡಲಿಲ್ಲ. ಸೋರುವ ಹ್ಯಾಚಾದರೆ ಉಳಿ ತಾಕಿಸಿದರೆ ಮೇಲೆ ಬರಬೇಕು. ಇದು ಕಚ್ಚಿಕೊಂಡು ಕೂತಿತ್ತು. ತೆಳುವಾದ ಚೂರಿ ತೂರಿಸಿ, ಅಂಗುಲ ಅಂಗುಲ ಕೊಯ್ದು, ಬೆವರು ಕಣ್ಣಿಗಿಳಿದು, ಮಧ್ಯಾಹ್ನದ ಹೊತ್ತಿಗೆ ಅದನ್ನು ಎತ್ತಿದಳು. ಎತ್ತಿದವಳು ಹಾಗೇ ಕೂತುಬಿಟ್ಟಳು.

ಪೇಸ್ಟ್ ನಾಣ್ಯದಷ್ಟು ದಪ್ಪವಿತ್ತು. ನಾಲ್ಕೂ ಬದಿಗೆ, ನಾಲ್ಕೂ ಮೂಲೆಗೆ ಒಂದೇ ಸಮ. ಎಲ್ಲೂ ಬಿರುಕಿಲ್ಲ, ಎಲ್ಲೂ ನೀರು ನುಗ್ಗಿದ ಕಪ್ಪು ಗೆರೆಯಿಲ್ಲ. ಅವಳು ಒಂದು ಕಡೆಯಿಂದ ಸುಲಿಯುತ್ತ ಬಂದಳು. ಮೊಳದುದ್ದ ಪಟ್ಟಿ ಎಲ್ಲೂ ತುಂಡಾಗದೆ ಕೈಗೆ ಬಂತು. ಎಳೆದರೆ ಹಿಗ್ಗಿತು, ಬಿಟ್ಟರೆ ಮತ್ತೆ ಮೊದಲಿನ ಹಾಗೆ. ಅಪ್ಪ ಒಂದು ದಿನ ಬಿಟ್ಟೇ ಬಿಗಿದಿದ್ದರು. ಜ್ವರ ಬಂದ ಮಗಳನ್ನು ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ, ಮಾರನೇ ದಿನ ಬಂದು, ಕೊನೆಯ ಕಾಲು ಸುತ್ತನ್ನು ನಿಧಾನವಾಗಿ ಬಿಗಿದಿದ್ದರು.

ಹಾಗಾದರೆ ನೀರು ಎಲ್ಲಿಂದ ಬಂತು?

ಅವಳು ಮೈಯೆಲ್ಲ ಕಣ್ಣಾಗಿ ಡೆಕ್ಕಿನ ಮೇಲೆ ಮೊಣಕಾಲೂರಿ ತೆವಳಿದಳು. ಹ್ಯಾಚಿನಿಂದ ಎರಡು ಗೇಣು ಮುಂದೆ, ಬಣ್ಣದಲ್ಲಿ ಬೆರಳಿನಗಲದ ನಾಲ್ಕು ಗುಳಿ ಕಂಡವು. ಓರೆ ಬೆಳಕಿನಲ್ಲಿ ಮಾತ್ರ ಕಾಣುವಂಥವು. ಉಗುರಿನಿಂದ ಕೆರೆದಳು. ಬಣ್ಣ ಎದ್ದಿತು, ಅಡಿಯಲ್ಲಿ ಗುಳಿಗೆ ಮೆತ್ತಿದ್ದ ಪುಟ್ಟಿ ಒದ್ದೆ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ನಾಲ್ಕು ತೂತು, ಚೌಕಾಕಾರದಲ್ಲಿ. ಆಗ ನೆನಪಾಯಿತು. ಕ್ಯಾಪ್ಟನ್ ಮುಂಭಾಗದಲ್ಲಿ ಒಂದು ಹಿತ್ತಾಳೆ ಗಂಟೆ ಕೂರಿಸಿಕೊಂಡಿದ್ದ. ದೊಡ್ಡ ಹಡಗಿನವರ ಹಾಗೆ ಬಾರಿಸುತ್ತಿದ್ದ. ಯಾರ್ಡಿನವರು ಊಟದ ಗಂಟೆ ಅಂತ ಗೇಲಿ ಮಾಡುತ್ತಿದ್ದರು ಅಂತ ಅಪ್ಪನೇ ಹೇಳಿ ನಗಿಸಿದ್ದರು. ಹ್ಯಾಚ್ ಕೂರಿಸಿದ ಮುಂದಿನ ವಾರ ಅದು ಬಂದಿತ್ತು. ಆಮೇಲೆ ಯಾವಾಗಲೋ ಸದ್ದಿಲ್ಲದೆ ಮಾಯವಾಗಿತ್ತು.

ಈ ದೋಣಿಯ ಡೆಕ್ ಎರಡು ಫೈಬರ್ ಹಾಳೆಗಳದ್ದು, ನಡುವೆ ಹಗುರವಾದ ಮರದ ಪದರ. ಮೇಲಿನ ಹಾಳೆಗೆ ತೂತು ಕೊರೆದು ಸುಮ್ಮನೆ ಸ್ಕ್ರೂ ತಿರುಗಿಸಿದರೆ ನೀರು ಆ ಮರಕ್ಕೆ ಇಳಿಯುತ್ತದೆ. ಇಳಿದದ್ದು ಒಳಗೊಳಗೇ ಹರಿದು, ಹೊರಬರಲು ಎಲ್ಲಿ ಸಂದು ಸಿಗುತ್ತದೋ ಅಲ್ಲಿ ತೊಟ್ಟಿಕ್ಕುತ್ತದೆ. ಇಲ್ಲಿ ಸಿಕ್ಕಿದ್ದು ಕೆಳಗೆ ಹ್ಯಾಚಿನ ಸುತ್ತ ಚೆಂದಕ್ಕೆ ಹೊಡೆದ ಮರದ ಪಟ್ಟಿಯ ಸ್ಕ್ರೂ ತೂತುಗಳು. ನೋಡಿದವರಿಗೆ ಹ್ಯಾಚೇ ಸೋರಿದಂತೆ.

ಗಂಟೆ ಹಾಕುವಾಗ ಅವನಿಗೆ ಇದು ಗೊತ್ತಿರಲಿಲ್ಲ ಅನ್ನೋಣ. ತೂತುಗಳನ್ನು ಮುಚ್ಚಿ ಬಣ್ಣ ಬಳಿಸುವಾಗ?

ಬಣ್ಣ ಬಳಿದ ಕೈ ಯಾವುದು ಅನ್ನುವುದನ್ನು ಅವಳು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದಳು. ಪೇಂಟರ್ ಮಾಮ ಪಕ್ಕದ ದೋಣಿಯ ಅಡಿಯಲ್ಲಿ ಬ್ರಷ್ ತೊಳೆಯುತ್ತಿದ್ದ.

“ಮಾಮ, ಗಂಟೆ ಇದ್ದ ಜಾಗಕ್ಕೆ ಬಣ್ಣ ಹಚ್ಚಿದ್ದು ನೀವಾ?”

“ಏನೇ ಮೂಗಿ, ಇವತ್ತು ಬಾಯಿ ಬಂದಿದೆ,” ಅಂತ ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. ಬ್ರಷ್ಷನ್ನು ಸುಮ್ಮನೆ ನೀರಿನಲ್ಲಿ ಆಡಿಸಿದ. “ಆರು ವರ್ಷ ಆಯ್ತಲ್ಲೇ ಅದು.”

“ಗಲಾಟೆಗೆ ಮೊದಲೋ ಆಮೇಲೋ?”

“ಆಮೇಲೆ. ಪುಟ್ಟಿ ಅವನೇ ತುಂಬಿಸಿದ್ದ. ಒಂದು ಕೈ ಬಣ್ಣ ಆಡಿಸು, ಯಾರ ಹತ್ರಾನೂ ಬಾಯಿ ಬಿಡಬೇಡ ಅಂದ.”

“ನೀವು ಬಿಡಲಿಲ್ಲ.”

“ಬಿಟ್ಟಿದ್ರೆ ನಿಮ್ಮಪ್ಪನ ಜೊತೆ ನಾನೂ ಮನೇಲಿ ಕೂರ್ತಿದ್ದೆ. ಆಗ ನನ್ನ ಮನೇಲಿ ಏನು ಪರಿಸ್ಥಿತಿ ಇತ್ತು ಅಂತ ನಿಂಗೇನು ಗೊತ್ತು.”

“ವಾರ ವಾರ ನಮ್ಮನೆಗೆ ಬರ್ತಿದ್ರಿ, ಮಾಮ. ಅಪ್ಪನ ಎದುರಿಗೆ ಕೂತು ಚಹಾ ಕುಡೀತಿದ್ರಿ.”

“ಅದಕ್ಕೇ ಬರ್ತಿದ್ದೆ ಕಣೇ,” ಅಂದ ಮಾಮ.

ಅವಳು ಶೆಡ್ಡಿಗೆ ಹೋಗಿ ಡಬ್ಬಿ ತೆಗೆದು ಥಿನ್ನರ್ ಬಟ್ಟೆಯನ್ನು ಒಣಗಲು ಹೊರಗೆ ಹರವಿದಳು. ಹಾಳೆ ಒಡೆದರೆ ಜನ ಏನನ್ನುತ್ತಾರೆ? ಮತ್ತೆ ಹ್ಯಾಚ್ ಸೋರಿತು ಅನ್ನುತ್ತಾರೆ. ಅವನು ಮತ್ತೆ ಹ್ಯಾಚಿನವರ ತಲೆಯ ಮೇಲೇ ಗೂಬೆ ಕೂರಿಸುತ್ತಾನೆ. ಒದ್ದೆಯಾಗುವುದು ಆ ಡಾಕ್ಟರಮ್ಮನ ಹಾಸಿಗೆ. ಅಷ್ಟು ಸಣ್ಣ ಸೇಡು ಅವಳಿಗೆ ಬೇಡವಾಯಿತು. ನಿಜ ಅವನ ಬಾಯಿಂದಲೇ ಬರಬೇಕು, ಅದೇ ಯಾರ್ಡಿನ ನಡುವೆ, ಅಪ್ಪ ಕೇಳಿಸಿಕೊಳ್ಳುವ ಹಾಗೆ.

ಸಂಜೆ ಮನೆಯಲ್ಲಿ ಸುಲಿದ ಪೇಸ್ಟಿನ ಪಟ್ಟಿಯನ್ನು ಅಪ್ಪನ ಕೈಗಿತ್ತಳು. ಯಾವ ದೋಣಿಯದ್ದು ಅಂತ ಹೇಳಿದಳು. ಅಪ್ಪ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಹೆಬ್ಬೆರಳಿನ ಉಗುರಿನಿಂದ ದಪ್ಪ ಅಳೆದರು. ಅಮ್ಮ ಒಲೆ ಆರಿಸಿ ಬಾಗಿಲಿಗೆ ಬಂದು ನಿಂತಳು.

“ಇದು ಒಂದೇ ಸಲಕ್ಕೆ ಬಿಗಿದದ್ದಲ್ಲ,” ಅಂದರು ಅಪ್ಪ.

“ಅಲ್ಲ.”

ಮಿಕ್ಕದ್ದನ್ನೂ ಹೇಳಿದಳು. ಗಂಟೆ, ತೂತು, ಪುಟ್ಟಿ, ಬಣ್ಣ. ಮಾಮನ ಹೆಸರು ಬಂದಾಗ ಅಮ್ಮ, “ಆ ಮನುಷ್ಯನಿಗೆ ನಾನು ಸಕ್ಕರೆ ಜಾಸ್ತಿ ಹಾಕಿ ಕೊಡ್ತಿದ್ದೆ,” ಅಂದಳು. ಅಪ್ಪ ‘ಹೋಗ್ಲಿ ಬಿಡಮ್ಮ’ ಅನ್ನುತ್ತಾರೆ ಅಂತ ಅವಳು ಹೆದರಿದ್ದಳು. ಅದಕ್ಕೆ ಉತ್ತರವನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅಪ್ಪ ಪಟ್ಟಿಯನ್ನು ಸುರುಳಿ ಸುತ್ತಿ ಮೇಜಿನ ಮೇಲಿಟ್ಟು, “ಪರೀಕ್ಷೆ ಎಷ್ಟು ಹೊತ್ತಿಗೆ?” ಅಂತ ಮಾತ್ರ ಕೇಳಿದರು.

ಎರಡನೇ ದಿನ ಅವಳು ಹೊಸ ರಬ್ಬರ್, ಹೊಸ ಹಾಳೆ ಕೂರಿಸಿದಳು. ಪೇಸ್ಟ್ ಹಚ್ಚಿ ಅರ್ಧ ಬಿಗಿದಳು. ಮೂರನೇ ದಿನ ಬೆಳಿಗ್ಗೆ ಕೊನೆಯ ಕಾಲು ಸುತ್ತು. ಗೀರುಗಳನ್ನೆಲ್ಲ ಒಂದೇ ದಿಕ್ಕಿಗೆ ತಂದಳು. ಇಷ್ಟು ಪ್ರೀತಿಯಿಂದ ಅವಳು ಯಾವ ಹ್ಯಾಚನ್ನೂ ಕೂರಿಸಿರಲಿಲ್ಲ. ಗಂಟೆಯ ಜಾಗದ ಮೇಲೆ ಒಂದು ಚಿಂದಿ ಬಟ್ಟೆ ಹಾಸಿ ಮೇಲೆ ಸುತ್ತಿಗೆ ಇಟ್ಟಳು.

ಹತ್ತು ಗಂಟೆಗೆ ಡಾಕ್ಟರಮ್ಮ ಬಂದರು. ಅಕ್ಕ ಬಂದರು. ಅಪ್ಪ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಗೇಟಿನೊಳಗೆ ಬಂದು ಏಣಿಯ ಪಕ್ಕ ನಿಂತರು. ಅವರನ್ನು ಕಂಡವರೆಲ್ಲ ಕೆಲಸ ಬಿಟ್ಟು ಹತ್ತಿರ ಬಂದರು. ಕ್ಯಾಪ್ಟನ್ ಮಾತ್ರ ನೋಡಲಿಲ್ಲ. ಬಿಳಿ ಶೂ ಕಳಚಿ ಏಣಿಯ ಬುಡದಲ್ಲಿಟ್ಟು, “ಬನ್ನಿ ಡಾಕ್ಟರೇ, ಮೇಲಿಂದಲೇ ನೋಡಿದ್ರಾಯ್ತು,” ಅಂದ.

“ಬಾಯಿ ತೆರೆಸದೆ ನಾನು ಯಾವ ಹಲ್ಲನ್ನೂ ನಂಬಲ್ಲ,” ಅಂದರು ಡಾಕ್ಟರಮ್ಮ. “ಕೆಳಗೇ ಕೂರೋಣ.”

ಇಬ್ಬರೂ ಕೆಳಗಿಳಿದು ಹ್ಯಾಚ್ ಮುಚ್ಚಿಕೊಂಡರು. ಮೂಗಿ ಪೈಪ್ ಹಿಡಿದು ಹ್ಯಾಚಿನ ನಾಲ್ಕೂ ಬದಿಗೆ ಅರ್ಧ ಗಂಟೆ ನೀರು ಬಿಟ್ಟಳು. ಅಕ್ರಿಲಿಕ್ಕಿನ ಅಡಿಯಲ್ಲಿ ಕ್ಯಾಪ್ಟನ್ನನ ಮುಖ ನೀರಲ್ಲಿ ನೆನೆದ ಫೋಟೋದ ಹಾಗೆ ಅಲುಗುತ್ತಿತ್ತು. ಅಕ್ಕ ಗಡಿಯಾರ ನೋಡಿ, ಆಯ್ತು ಅನ್ನುವಂತೆ ಕೈ ಎತ್ತಿದರು. “ಒಣ,” ಅಂತ ಒಳಗಿಂದ ಅವನ ದನಿ ಬಂತು. “ಒಂದು ಹನಿ ಇಲ್ಲ.”

ಅವಳು ಕಾಲಿನಿಂದ ಸುತ್ತಿಗೆಯನ್ನೂ ಚಿಂದಿಯನ್ನೂ ಪಕ್ಕಕ್ಕೆ ಸರಿಸಿ, ಪೈಪಿನ ಬಾಯಿಯನ್ನು ಎರಡು ಗೇಣು ಮುಂದಕ್ಕೆ ಒಯ್ದಳು. ನೀರು ನಾಲ್ಕು ತೂತುಗಳಲ್ಲಿ ಗುಟುಕು ಗುಟುಕಾಗಿ ಇಳಿಯಿತು. ಅವಳು ಮನಸ್ಸಿನಲ್ಲೇ ಎಣಿಸಿದಳು. ಐವತ್ತು ಆಗಿರಲಿಲ್ಲ.

“ನನ್ನ ತೋಳಿನ ಮೇಲೆ ಬಿತ್ತಲ್ಲ,” ಅಂದರು ಡಾಕ್ಟರಮ್ಮ.

“ಏ ಹುಡುಗಿ, ನಿಲ್ಲಿಸು.”

ಅವಳು ನಿಲ್ಲಿಸಲಿಲ್ಲ. ಒಳಗೆ ತೊಟ್ಟಿಕ್ಕುತ್ತಿದ್ದದ್ದು ಈಗ ಸುರಿಯುವ ಸದ್ದಾಯಿತು. ಹ್ಯಾಚ್ ದಡಾರನೆ ತೆರೆದು ಕ್ಯಾಪ್ಟನ್ ಎದೆಯವರೆಗೆ ಮೇಲೆ ಬಂದ. ಅಂಗಿಯ ಒಂದು ತೋಳು ಕಂದು ನೀರಿನಿಂದ ಮೈಗಂಟಿತ್ತು. ಅಕ್ಕನ ಕಡೆ ತಿರುಗಿ, “ನೋಡಿ, ಈ ಹ್ಯಾಚಿನ ಹಣೆಬರಹವೇ ಇಷ್ಟು. ಮೊದಲು ಆ ಸೋರೋ ಮೇಸ್ತ್ರಿ, ಈಗ ಇವಳು,” ಅಂದ.

“ಹ್ಯಾಚಿನಿಂದ ಬರ್ತಿಲ್ಲ ರೀ,” ಅಂದರು ಕೆಳಗಿಂದ ಡಾಕ್ಟರಮ್ಮ. “ಈ ಮರದ ಪಟ್ಟಿ ಸ್ಕ್ರೂ ಹತ್ರದಿಂದ ಬರ್ತಿದೆ. ಹುಳುಕು ಹಲ್ಲಿನ ನೀರಿನ ಹಾಗೆ ನಾರ್ತಿದೆ.”

ಮೂಗಿ ಪೈಪಿನ ಬಾಯಿಯಿಂದ ಗಂಟೆಯ ಜಾಗ ತೋರಿಸಿದಳು. ಇಷ್ಟು ಜನರ ಎದುರು ಅವಳು ಹುಟ್ಟಿದಾಗಿನಿಂದ ಮಾತಾಡಿರಲಿಲ್ಲ. “ಇಲ್ಲಿ ನಾಲ್ಕು ತೂತು ಇವೆ,” ಅಂದಳು. ದನಿ ಸಣ್ಣಗಿತ್ತು, ಆದರೆ ಯಾರ್ಡಿನ ಸದ್ದು ಅದಕ್ಕಿಂತ ಸಣ್ಣಗಾಗಿತ್ತು. “ಯಾರು ಕೊರೆದದ್ದು ಅಂತ ಇವರು ಹೇಳಲಿ.”

“ಹಳೇ ದೋಣಿ. ನಂಗೇನು ಗೊತ್ತು?”

ಅವಳು ಪೇಂಟರ್ ಮಾಮನ ಕಡೆ ನೋಡಿದಳು. ಕಣ್ಣು ಮಿಟುಕಿಸದೆ ನೋಡಿದಳು. ಮಾಮ ಬ್ರಷ್ಷನ್ನು ಕೈಯಿಂದ ಕೈಗೆ ಬದಲಾಯಿಸಿದ. “ಗಂಟೆದು, ಕ್ಯಾಪ್ಟನ್,” ಅಂದ ಕೊನೆಗೆ. “ಪುಟ್ಟಿ ನಿಮ್ಮದು. ಬಣ್ಣ ನಂದು.”

ಅಕ್ಕ ಕ್ಯಾಪ್ಟನ್ನನ್ನೇ ನೋಡುತ್ತಿದ್ದರು. ಡಾಕ್ಟರಮ್ಮ ಅವನ ಪಕ್ಕದಿಂದ ತಲೆ ಹೊರಗೆ ಹಾಕಿ, ಅವರೂ ಅವನನ್ನೇ ನೋಡಿದರು. ತಪ್ಪಿಸಿಕೊಳ್ಳಲು ಅವನಿಗೆ ಹ್ಯಾಚಿನ ಚೌಕದಷ್ಟೇ ಜಾಗವಿತ್ತು.

“ಹೌದು, ಕೊರೆದೆ. ಅದಕ್ಕೇನೀಗ?” ಅಂದ. “ಆಮೇಲೆ ಗೊತ್ತಾಯ್ತು, ಮುಚ್ಚಿಸಿದೆ. ಅಷ್ಟೊತ್ತಿಗೆ ಎಲ್ಲಾ ಮಾತು ಆಗಿಹೋಗಿತ್ತು. ಮತ್ತೆ ಹೋಗಿ ಯಾರ ಹತ್ರ ಹೇಳ್ಕೋಬೇಕಿತ್ತು?”

“ನನ್ನ ಹತ್ರ,” ಅಂದರು ಅಪ್ಪ, ಏಣಿಯ ಕೆಳಗಿಂದ. ಕ್ಯಾಪ್ಟನ್ ಆಗ ಅವರನ್ನು ನೋಡಿದ. ಬಹುಶಃ ಮೊದಲ ಸಲ ಮುಖವಿಟ್ಟು ನೋಡಿದ. “ಎಷ್ಟು ದಿನ ಆದ್ಮೇಲೆ ಗೊತ್ತಾಯ್ತು?”

“ಏನೋ ಒಂದು ಮೂರು ವಾರ.”

ಅಪ್ಪ ಬೆರಳು ಮಡಿಸಿದರು. “ಮೂರನೇ ವಾರ ನಾನು ಇನ್ನೂ ಉಳಿ ಮಾರಿರಲಿಲ್ಲ,” ಅಂದರು. “ನಾಲ್ಕನೇ ವಾರ ಮಾರಿದ್ದು.”

ಕ್ಯಾಪ್ಟನ್ ಹ್ಯಾಚಿನಿಂದ ಹೊರಗೆ ಬಂದು, ದನಿಗೆ ಬೆಣ್ಣೆ ಹಚ್ಚಿಕೊಂಡು, “ಆಯ್ತು ಮೇಸ್ತ್ರಿಗಳೇ, ಆದದ್ದು ಆಯ್ತು. ನೀವೇ ಮೇಲೆ ಬನ್ನಿ. ನಾಲ್ಕು ತೂತು ತಾನೇ, ನೀವು ಮುಚ್ಚಿ ಕೊಟ್ರೆ ಡಾಕ್ಟರಿಗೂ ಸಮಾಧಾನ,” ಅಂದ.

ಈಗ ಅಪ್ಪ ಕರಗುತ್ತಾರೆ ಅನ್ನಿಸಿ ಮೂಗಿ ಹಲ್ಲು ಕಚ್ಚಿಕೊಂಡಳು. ಅಪ್ಪ ಚಪ್ಪಲಿ ಬಿಟ್ಟು ಏಣಿ ಹತ್ತಿದರು. ಅವಳ ಕೈಯಿಂದ ಪೈಪ್ ಈಸಿಕೊಂಡು ನೀರು ನಿಲ್ಲಿಸಿದರು. ಸ್ಕ್ರೂಡ್ರೈವರನ್ನು ತಲೆಕೆಳಗಾಗಿ ಹಿಡಿದು, ಹಿಡಿಯ ಮರದಿಂದ ತೂತಿನ ಪಕ್ಕ ಡೆಕ್ಕನ್ನು ತಟ್ಟಿದರು. ದೊಪ್ ಅಂತು.

“ಗಟ್ಟಿ ಇದ್ರೆ ಟಕ್ ಅನ್ನುತ್ತೆ, ಡಾಕ್ಟರೇ,” ಅಂದರು ಅಪ್ಪ ಮೃದುವಾಗಿ. “ಒಳಗಿನ ಮರ ಕೊಳೆತಿದ್ರೆ ಹೀಗೆ. ಅವತ್ತೇ ನಂಗೆ ಹೇಳಿದ್ರೆ ಇಷ್ಟರಲ್ಲೇ ಮುಗೀತಿತ್ತು.” ಅಂಗೈ ಅಗಲಿಸಿ ತೋರಿಸಿದರು. “ಈಗ ಎಷ್ಟಾಗಿದೆ ನೋಡೋಣ. ಮಗಳೇ, ಸೀಮೆಸುಣ್ಣ.”

ಅವಳು ಜೇಬಿನಲ್ಲಿದ್ದ ತುಂಡು ಕೊಟ್ಟಳು. ಅಪ್ಪ ಕುಕ್ಕರಗಾಲಲ್ಲಿ ಕೂತು ತಟ್ಟಿದರು, ಗುರುತು ಹಾಕಿದರು, ಗೇಣು ಸರಿದು ಮತ್ತೆ ತಟ್ಟಿದರು. ದೊಪ್. ದೊಪ್. ಬಿಳಿ ಗೆರೆ ಹ್ಯಾಚನ್ನು ಬಳಸಿಕೊಂಡು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ನಿಲ್ಲದೆ ಹಾಯಿಕಂಬದ ಕಡೆ ತಿರುಗಿತು. ಡಾಕ್ಟರಮ್ಮ ಹ್ಯಾಚಿನಿಂದ ಹೊರಗೆ ಬಂದು ಗೆರೆಯ ಹೊರಗೆ ಕಾಲಿಟ್ಟು ಅಪ್ಪನ ಹಿಂದೆ ಹಿಂದೆ ನಡೆದರು. ಕೆಳಗಿದ್ದವರು ನೋಡಲು ಪಕ್ಕದ ದೋಣಿಯ ಏಣಿ ಹತ್ತಿದರು. ಕ್ಯಾಪ್ಟನ್, “ಸಾಕು, ಗೊತ್ತಾಯ್ತು,” ಅಂದ. “ಮೇಸ್ತ್ರಿ, ಸಾಕು ಅಂದ್ನಲ್ಲ.” ಅಪ್ಪ ಕಿವಿ ಕೇಳಿಸದವರ ಹಾಗಿದ್ದರು. ಆರು ವರ್ಷದಲ್ಲಿ ಅವಳು ಆ ಕೈ ಅಷ್ಟು ನಿಶ್ಚಿಂತೆಯಿಂದ ಕೆಲಸ ಮಾಡಿದ್ದನ್ನು ನೋಡಿರಲಿಲ್ಲ. ಒಂದು ಕಡೆಯೂ ಎರಡನೇ ಸಲ ತಟ್ಟಿ ನೋಡಲಿಲ್ಲ.

ಕಂಬದ ಬುಡ ಮುಟ್ಟುವ ಹೊತ್ತಿಗೆ ಸೀಮೆಸುಣ್ಣ ಮುಗಿಯಿತು.

“ಇನ್ನೊಂದು ಕೊಡಿ,” ಅಂತ ಅಪ್ಪ ತಲೆಯೆತ್ತದೆ ಕೈ ಚಾಚಿದರು.

ಸೀಮೆಸುಣ್ಣದ ಡಬ್ಬಿ ಕ್ಯಾಪ್ಟನ್ನನ ಕಾಲಿನ ಪಕ್ಕದಲ್ಲಿತ್ತು. ಮೂಗಿ ಅದನ್ನು ನೋಡಿದಳು, ಕದಲಲಿಲ್ಲ. ಬೇರೆಯವರೂ ಕದಲಲಿಲ್ಲ. ಚಾಚಿದ ಕೈ ಹಾಗೇ ಇತ್ತು. ಕೊನೆಗೆ ಕ್ಯಾಪ್ಟನ್ ಬಗ್ಗಿದ.